ಒಂದೇ ಗಡಿಗೆಯ ರಾಗಿಹೆಂಡ

ಒಂದಾನೊಂದು ಕಾಲದಲ್ಲಿ, ಒಂದಾನೊಂದು ಬೆಟ್ಟದ ಬುಡದಲ್ಲಿ ಒಂದು ಹಟ್ಟಿ ಇತ್ತಂತೆ. ಆ ಹಟ್ಟಿಯಲ್ಲಿ ಮುದ್ದ ಅಂತ ಒಬ್ಬ. ಅವನ ಹೆಂಡತಿ ಕೆಂಪಿರಿ. ಕೆಂಪಿರಿ ತೀರಿಕೊಂಡಳು. ಮಕ್ಕಳಿಲ್ಲ. ಮುದ್ದ ಒಬ್ಬನೇ ಉಳಿದ.

ಆ ಹಟ್ಟಿಯಲ್ಲಿ ಒಂದು ಕಟ್ಟಳೆ. ಸತ್ತವರಿಗೆ ವರ್ಷ ತುಂಬಿದ ದಿನ ಮನೆಯಲ್ಲೇ ಮಾಡಿದ ರಾಗಿಹೆಂಡ ಎಡೆ ಇಡಬೇಕು. ಗಡಿಗೆ ಸುತ್ತ ಜರಡಿ ಹಿಡಿದ ಬೂದಿ ಹರಡಿ ಬಾಗಿಲು ಮುಚ್ಚಬೇಕು. ಸತ್ತವರು ಬಂದು ಕುಡಿದರೆ ಬೂದಿಯಲ್ಲಿ ಹೆಜ್ಜೆ ಮೂಡುತ್ತಂತೆ. ಮೂಡಿದರೆ ಹಿರಿಯರ ಸಾಲಿಗೆ ಸೇರಿದ ಹಾಗೆ, ಹಬ್ಬ ಹಬ್ಬಕ್ಕೂ ಹೆಸರು ಹಿಡಿದು ಕರೆಯುತ್ತಾರೆ. ಮೂಡದಿದ್ದರೆ ಹೆಸರು ಬಿಟ್ಟುಹೋಯಿತು. ಬೇಲಿ ಬೇಲಿ ಅಲೆಯೋ ಗಾಳಿ ಆದರು ಅಂತಲೇ ಲೆಕ್ಕ.

ಹೆಂಡ ಮಾಡೋದು ಹೆಂಗಸರ ಕೆಲಸ. ಮೂರು ಗಡಿಗೆ ಬೇಕು, ಮೂರು ಜನ ಬೇಕು. ಮೊಳಕೆ ಕಟ್ಟಿ ಒಣಗಿಸಿದ ರಾಗಿಯನ್ನ ತರಿತರಿ ಕುಟ್ಟಿ ಒಂದು ಗಡಿಗೆಯಲ್ಲಿ ನೆನೆಹಾಕಬೇಕು. ಅದರಲ್ಲಿ ಒಂದಷ್ಟು ತೆಗೆದು ಇನ್ನೊಂದರಲ್ಲಿ ಕುದಿಸಿ, ತಿರುಗಿ ಮೊದಲಿನದಕ್ಕೆ ಸುರಿಯಬೇಕು. ಮತ್ತೆ ತೆಗೆಯಬೇಕು, ಮತ್ತೆ ಕುದಿಸಬೇಕು, ಮತ್ತೆ ಸುರಿಯಬೇಕು. ಕೊನೆಗೆ ಮೂರನೇ ಗಡಿಗೆಗೆ ಹುಲ್ಲಿನ ಮೇಲೆ ಸೋಸಬೇಕು. ಒಬ್ಬಳು ಉರಿ ನೋಡಬೇಕು, ಒಬ್ಬಳು ತಿರುವಬೇಕು, ಒಬ್ಬಳು ಎತ್ತಬೇಕು. ಬೆಳಗ್ಗೆ ಕೂತರೆ ಬೈಗಾಗುತ್ತೆ.

ವರ್ಷ ಹತ್ತಿರ ಬಂತು. ಮುದ್ದ ಅಣ್ಣನ ಹೆಂಡತಿ ಹತ್ತಿರ ಹೋದ. ಸೊಂಟ ಹಿಡಿದಿದೆ ಮೈದುನಾ ಅಂದಳಂತೆ. ಆಗಷ್ಟೇ ತುಂಬಿದ ಕೊಡ ಇಳಿಸಿ ನಿಂತಿದ್ದಳು. ಎರಡನೇ ಮನೆಗೆ ಹೋದ. ಮನೆಯಲ್ಲಿ ಯಾರೂ ಇಲ್ಲ ಅಂತ ಆ ಮನೆಯವಳೇ ಒಳಗಿನಿಂದ ಕೂಗಿ ಹೇಳಿದಳಂತೆ. ಮೂರನೇ ಮನೆಗೆ ಹೋದ. ಹೆಂಡತಿ ಸತ್ತವನ ಒಲೆ ಮುಟ್ಟಿದರೆ ನನ್ನ ಗಂಡನಿಗೆ ಆಗಲ್ಲ ಅಂದಳಂತೆ.

ಮುದ್ದನಿಗೆ ಸಿಟ್ಟು ಬಂತು. ಈ ಮೂರು ಮನೆಯ ಗಡಿಗೆಯನ್ನೂ ಕೆಂಪಿರಿ ತಿರುವಿದ್ದಳು. ಜ್ವರ ಇಟ್ಟುಕೊಂಡೂ ತಿರುವಿದ್ದಳು.

ಹಟ್ಟಿ ಯಜಮಾನ ಹೊಂಬಾಳಯ್ಯನ ಹತ್ತಿರ ಹೋಗಿ, ನಾನೇ ಮಾಡ್ತೀನಿ ಅಂದ. ಯಜಮಾನ ನಕ್ಕುಬಿಟ್ಟ.

"ಗಂಡಸು ಮಾಡಿದ ಹೆಂಡಕ್ಕೆ ಯಾರು ಬರ್ತಾರ್ಲಾ? ಮೂರು ಗಡಿಗೆ ಮೂರು ಕೈ ಇಲ್ದಿದ್ರೆ ಅದು ಹೆಂಡ ಅಲ್ಲ, ದನದ ಕಲಗಚ್ಚು."

"ಕುಡಿಯೋಳು ಅವಳು, ಯಜಮಾನ್ರೇ. ಗಡಿಗೆ ಎಣಿಸೋರು ನೀವಾ?"

ಹಾಗಂದವನೇ ಮನೆಗೆ ಬಂದ.

ಬಂದವನು ಗಡಿಗೆ ತುಂಬ ನೀರು ಕಾಯಿಸಿದ. ಸಿಟ್ಟಲ್ಲಿ ಕಾಯಿಸಿದ. ಕೊತಕೊತ ಕುದಿಯೋ ನೀರನ್ನ, ಮೊಳಕೆ ಕಟ್ಟಿ ಕುಟ್ಟಿ ಇಟ್ಟಿದ್ದ ರಾಗಿ ತರಿ ಮೇಲೆ ಹುಯ್ದ. ಗಂಜಿ ಆಯಿತು. ಒಂದು ಹೊತ್ತು ಕಾದು ನೆಕ್ಕಿದ. ಸಪ್ಪೆ. ಮೊಳಕೆಯ ಸಿಹಿ ಬಿಡಲೇ ಇಲ್ಲ. ನಾಯಿಗೆ ಹಾಕಿದ. ಅದೂ ಮೂಸಿ ಆಚೆ ಹೋಯಿತು. ಮುದ್ದ ಗಡಿಗೆಯನ್ನ ಬೈದ, ಒಲೆಯನ್ನ ಬೈದ, ನಾಯಿಯನ್ನೂ ಬೈದ. ಬೈದು ಸುಸ್ತಾಗಿ ಕೂತ.

ಕೂತಾಗ ಕೆಂಪಿರಿಯ ಕೈ ನೆನಪಾಯಿತು. ಹೆಂಡ ಮಾಡೋ ದಿನ ಅವಳ ಕೈ ಮೊಣಕೈವರೆಗೆ ಕೆಂಪಗಿರುತ್ತಿತ್ತು. ಕೆಂಪಗೆ ಇರುತ್ತಿತ್ತು, ಬೊಬ್ಬೆ ಮಾತ್ರ ಏಳುತ್ತಿರಲಿಲ್ಲ. ಅವಳು ಗಡಿಗೆಯಲ್ಲಿ ಕೈ ಆಡಿಸುತ್ತಿದ್ದಳು ಅಂದ ಮೇಲೆ ಆ ನೀರು ಕೈ ತಡೆಯೋ ಅಷ್ಟೇ ಬಿಸಿ. ಒಂದಷ್ಟು ತೆಗೆದು, ಕುದಿಸಿ, ಸುರಿಯೋದೆಲ್ಲ ಆ ಬಿಸಿಗೆ ತರೋದಕ್ಕೇ. ಮೊದಲೇ ಆ ಬಿಸಿ ನೋಡಿಕೊಂಡರೆ ಮೂರು ಗಡಿಗೆ ಯಾಕೆ?

ಮಾರನೇ ದಿನ ಒಂದೇ ಗಡಿಗೆ ಇಟ್ಟ. ನೀರು ಕಾಯಿಸಿದ. ಇಳಿಸಿ ಆರಲು ಬಿಟ್ಟ. ಕೈ ಇಟ್ಟು ನೋಡಿದ, ಸುಟ್ಟಿತು. ಮತ್ತೆ ಇಟ್ಟು ನೋಡಿದ, ಸುಟ್ಟಿತು. ಮತ್ತೆ ಇಟ್ಟ, ಹಲ್ಲು ಕಚ್ಚಿ ತಡೆದುಕೊಂಡ. ಆಗ ಕೆಂಪಿರಿಯ ಹಳೇ ಸೀರೆಯ ತುಂಡಲ್ಲಿ ರಾಗಿ ತರಿಯನ್ನ ಸಡಿಲವಾಗಿ ಗಂಟು ಕಟ್ಟಿ ನೀರಲ್ಲಿ ಮುಳುಗಿಸಿದ. ಗಡಿಗೆ ಬಾಯಿ ಮುಚ್ಚಿ, ಕಂಬಳಿ ಸುತ್ತಿ, ಒಲೆಯ ಬಿಸಿ ಬೂದಿ ಪಕ್ಕ ಕೂರಿಸಿದ. ಹೊಲಕ್ಕೆ ಹೋದ. ತಿರುವಲಿಲ್ಲ, ಕಾಯಲಿಲ್ಲ.

ಹೊಲದಿಂದ ಬಂದು ಬೆರಳದ್ದಿ ನೆಕ್ಕಿದ. ಬೆಲ್ಲ ಕದಡಿದ ಹಾಗೆ ಸಿಹಿ.

ಗಂಟು ಎತ್ತಿ ಹಿಂಡಿದ. ಚರಟ ಎತ್ತಿಗೆ ಹಾಕಿದ. ಆ ಸಿಹಿನೀರನ್ನ ಅದೇ ಗಡಿಗೆಯಲ್ಲೇ ಕುದಿಸಿ ಆರಿಸಿದ. ಕೆಂಪಿರಿ ಸೋರೆಬುರುಡೆಯಲ್ಲಿ ಒಣಗಿಸಿ ಇಟ್ಟಿದ್ದ ಹಳೇ ಹೆಂಡದ ಗಸಿಯನ್ನ ಹೆಪ್ಪಿನ ಹಾಗೆ ಬೆರೆಸಿ ಮುಚ್ಚಿಟ್ಟ. ಗಡಿಗೆ ಒಳಗೊಳಗೇ ಗುಳುಗುಳು ಅಂತು.

ಹಟ್ಟಿಗೆ ಸುದ್ದಿ ಮುಟ್ಟಿತು. ಮುದ್ದ ಹೆಂಡತಿಗೆ ಸೀರೆ ಒಗೆದ ನೀರು ಎಡೆ ಇಡ್ತಾನಂತೆ ಅಂತ ನಗಾಡಿದರು. ಯಜಮಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕೆಂಪಿರಿಗೆ ವರ್ಷ ತುಂಬಿದ ದಿನವೇ ತನ್ನ ಮನೆಯಲ್ಲೂ ಹಿರಿಯರಿಗೆ ಎಡೆ ಇಡಿಸಿದ. ಯಾವುದು ಹೆಂಡ, ಯಾವುದು ಕಲಗಚ್ಚು, ಹಟ್ಟಿಯೇ ನೋಡಲಿ ಅಂದ. ಅವನ ಮನೆಯಲ್ಲಿ ಮೂರು ಗಡಿಗೆ ತಿರುವಿದವರು ಯಾರು? ಅದೇ ಮೂರು ಜನ. ಸೊಂಟ ಹಿಡಿದವಳು, ಮನೆಯಲ್ಲಿ ಇಲ್ಲದವಳು, ಗಂಡನಿಗೆ ಆಗಲ್ಲ ಅಂದವಳು.

ಮುದ್ದ ನೋಡಿದ. ನೋಡಿ ಕ್ಯಾಕರಿಸಿ ಉಗಿದ.

ಎರಡೂ ಮನೆಯಲ್ಲಿ ಬೂದಿ ಹರಡಿದರು. ಬಾಗಿಲು ಮುಚ್ಚಿದರು. ಹೊತ್ತು ಇಳಿಯಿತು. ಮೊದಲು ಯಜಮಾನನ ಮನೆ ಬಾಗಿಲು ತೆಗೆದರು. ಬೂದಿ ಹರಡಿದ್ದು ಹರಡಿದ ಹಾಗೇ. ಇರುವೆ ಹರಿದ ಗುರುತೂ ಇಲ್ಲ.

ಆಮೇಲೆ ಮುದ್ದನ ಮನೆ. ಬಾಗಿಲು ತೆಗೆದರೆ ಬೂದಿಯೆಲ್ಲ ತುಳಿದು ಹಾಕಿದ ಹಾಗಿದೆ. ಕೋಳಿ ನುಗ್ಗಿದೆ ಅಂದ ಯಜಮಾನ. ಬಗ್ಗಿ ನೋಡಿದರು. ಕೋಳಿಗೆ ಕಾಲುಂಗುರ ಎಲ್ಲಿಂದ ಬರಬೇಕು? ಗಡಿಗೆ ಪಕ್ಕ ಒಂದು ಅಗಲ ಪಾದ. ಅದು ಕೆಂಪಿರಿಯದು. ಮುದ್ದನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳ ಸುತ್ತ ಇನ್ನೆಷ್ಟೋ ಪಾದ, ಎಲ್ಲ ಹೆಂಗಸರದು. ಹಟ್ಟಿಯಲ್ಲಿ ಸತ್ತ ಹೆಂಗಸರೆಲ್ಲ ಬಂದಿದ್ದರಂತೆ. ಅದರಲ್ಲಿ ಒಂದು ಎಡಗಾಲಿಗೆ ಕಿರುಬೆರಳಿಲ್ಲ. ಒನಕೆ ಬಿದ್ದು ಬೆರಳು ಹೋದವಳು ಹಟ್ಟಿಗೆಲ್ಲ ಒಬ್ಬಳೇ, ಯಜಮಾನನ ತಾಯಿ.

ಯಜಮಾನ ಆ ಪಾದದ ಮುಂದೆ ಕುಕ್ಕರಗಾಲಲ್ಲಿ ಕೂತ.

"ನೀನೂ ಇಲ್ಲಿಗೇ ಬಂದ್ಯೇನವ್ವಾ?"

"ಜೀವ ಇರೋವರೆಗೂ ತಿರುವಿದೋಳು," ಅಂದ ಮುದ್ದ. "ತಿರುವದೇ ಆದ ಹೆಂಡ ನೋಡೋಣ ಅಂತ ಬಂದಿರ್ತಾಳೆ."

ಯಜಮಾನ ಎದ್ದ. ಹಟ್ಟಿಗೆಲ್ಲ ಕೇಳೋ ಹಾಗೆ ಕೆಂಪಿರಿಯ ಹೆಸರು ಹಿಡಿದು ಹಿರಿಯರ ಸಾಲಿಗೆ ಕರೆದ. ಆಮೇಲೆ ಮನೆಗೆ ಹೋದರೆ ಅವನ ಹೆಂಡತಿ ಹಳೇ ಸೀರೆ ಹರಿಯುತ್ತಾ ಕೂತಿದ್ದಳಂತೆ.

ಎಲ್ಲರೂ ಹೋದರು. ಮುದ್ದ ಗಡಿಗೆ ಬಗ್ಗಿಸಿ ನೋಡಿದ. ಖಾಲಿ. ತಳದಲ್ಲಿ ಗಸಿ ಕೂಡ ಇಲ್ಲ. ಅವನಿಗೆ ಮತ್ತೆ ಸಿಟ್ಟು ಬಂತು.

"ಹಟ್ಟಿಯೋರ್ನೆಲ್ಲ ಕರ್ಕೊಂಡು ಬಂದಿದೀಯಲ್ಲೇ. ಮಾಡಿದೋನಿಗೆ ಒಂದು ಗುಟುಕು ಬಿಡಬಾರ್ದಿತ್ತಾ?"

ವರ್ಷ ಆಗಿತ್ತು ಅವಳನ್ನ ಬೈದು. ಬೈತಾ ಬೈತಾ ಗಡಿಗೆ ತೊಳೆದ. ತೊಳೆದು, ಮೊಳಕೆ ಕಟ್ಟೋಕೆ ಅಂತ ರಾಗಿ ನೆನೆಹಾಕಿದ.

ಅವರ ಗಡಿಗೆ ಅಲ್ಲಿ ತುಂಬಿತಂತೆ, ನಮ್ಮ ಕಥೆ ಇಲ್ಲಿ ಬರಿದಾಯಿತಂತೆ.