ಹೆಗ್ಗಣದ ಔಷಧಿ ಪಟ್ಟಿ

ಕಾಡಿನ ಪ್ರಾಣಿಗಳು ಗಟ್ಟಿಮುಟ್ಟಾಗಿದ್ದಾಗ ಬೇರುಗಳನ್ನು ತಂದು ಹೆಗ್ಗಣದ ಬಿಲದಲ್ಲಿ ಕೂಡಿಡುತ್ತಿದ್ದವು. ಕಾಯಿಲೆ ಬಿದ್ದವರಿಗೆ ಔಷಧಿ ಕೊಡುವುದಾಗಿ ಹೆಗ್ಗಣ ಮಾತು ಕೊಟ್ಟಿತ್ತು. ಒಂದು ದಿನ ಆನೆಗೆ ಹೊಟ್ಟೆನೋವು ಬಂತು. ವೈದ್ಯನಾದ ಕರಡಿ ಪರೀಕ್ಷಿಸಿ, ಆನೆಯನ್ನು ಬಿಲದ ಬಳಿ ಕರೆತಂದು ಶುಂಠಿ ಕೇಳಿತು.

"ಶುಂಠಿ ನನ್ನ ಪಟ್ಟಿಯಲ್ಲಿಲ್ಲ ವೈದ್ಯರೇ. ಮೂರು ದಿನ ಜೀರಿಗೆ ಕೊಡಿ. ವಾಸಿಯಾಗದಿದ್ದರೆ ಅರ್ಜಿ ಹಾಕಿ," ಎಂದಿತು ಹೆಗ್ಗಣ.

"ಇದು ಜೀರಿಗೆಗೆ ಬಗ್ಗುವ ನೋವಲ್ಲ. ಹೊಟ್ಟೆ ಮುಟ್ಟಿ ನೋಡಿದವನು ನಾನೋ, ನೀನೋ?" ಎಂದು ಕರಡಿ ಸಿಟ್ಟಾಯಿತು.

"ನೋಡಿದವರು ನೀವೇ. ಆದರೆ ಪಟ್ಟಿ ನನ್ನದು."

ಕರಡಿ ಕೊಂಚ ಯೋಚಿಸಿ ಆನೆಯ ಕಡೆ ತಿರುಗಿತು. "ಹಾಗಾದರೆ ಆನೆಯಣ್ಣ, ಮೂರು ದಿನ ಈ ಬಿಲದ ಮೇಲೆಯೇ ಮಲಗು. ನೋವು ಹೆಚ್ಚಾದಾಗ ಧಾರಾಳವಾಗಿ ಹೊರಳಾಡು."

ಆನೆ ನರಳುತ್ತ ಮೊಣಕಾಲೂರಿತು. ಬಿಲದೊಳಗೆ ಮಣ್ಣು ಉದುರಿತು. ಹೆಗ್ಗಣ ಶುಂಠಿಯ ಗಂಟನ್ನೇ ಹೊರಗೆ ತಳ್ಳಿ, "ಈಗಷ್ಟೇ ಪಟ್ಟಿಗೆ ಸೇರಿಸಿದೆ!" ಎಂದು ಕೂಗಿತು.

ಶುಂಠಿ ತಿಂದ ಆನೆ ಸಂಜೆಯೊಳಗೆ ಚೇತರಿಸಿಕೊಂಡಿತು. ಅಷ್ಟರಲ್ಲಿ ಅದೇ ನೋವು ಹೊತ್ತು ಮೊಲ ಬಂತು. ಹೆಗ್ಗಣ ಪಟ್ಟಿ ಬಿಡಿಸಿ, "ಅದು ಆನೆಗೆ ಮಾತ್ರ..." ಎಂದು ಶುರುಮಾಡಿತು.

"ಆನೆಯಣ್ಣಾ," ಎಂದಿತು ಕರಡಿ, "ಹೊರಡುವ ಮುಂಚೆ ಇಲ್ಲೇ ಸ್ವಲ್ಪ ಕೂತು ಸುಧಾರಿಸಿಕೋ."

ಆನೆ ಕೂರುವ ಮೊದಲೇ ಮೊಲದ ಕೈಗೆ ಶುಂಠಿ ಬಂತು.