ನಾಯಿಯ ಕಿವಿಗೆ ಉಣ್ಣೆ

"ನೀನರ ಉಣ್ಣು" ಅಂದಳು ನನ್ನ ಹೆಂಡತಿ ಹೊನ್ನವ್ವ. ಮತ್ತೆ ನನ್ನ ಕೂಡ ಮಾತಾಡಲಿಲ್ಲ.

ಕ್ಯಾನ್ಸರ್ ಗಡ್ಡೆ ಅವಳನ್ನು ಒಯ್ದಿತು. ನಾಲ್ಕು ತಿಂಗಳಿಗೆ ನನ್ನ ಶ್ವಾಸಕೋಶದಲ್ಲೂ ಒಂದು ಸಿಕ್ಕಿತು.

ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು. ಹೊನ್ನವ್ವನಿಗೆ ಕೊಟ್ಟ ಔಷಧಿ ಬೇರೆ, ಇದು ಬೇರೆಯಂತೆ. ಇದು ತಾನೇ ಗಡ್ಡೆಯನ್ನು ಕೊಲ್ಲುವುದಿಲ್ಲ. ರಕ್ತದಲ್ಲಿರುವ ಕಾವಲು ಕಣಗಳನ್ನು ಅದರ ಮೇಲೆ ಬಿಡುತ್ತದೆ. ಮೂರು ವಾರಕ್ಕೊಮ್ಮೆ ಸೂಜಿ. ಸೋಮವಾರ ಬಾ ಅಂದಳು.

ನಾನು ಹೋಗಲಿಲ್ಲ. ಹಳ್ಳದ ದಂಡೆಗೆ, ನನ್ನ ಗುರು ಅಮೋಗಿ ಅಯ್ಯನ ಗುಡಿಸಲ ಪಕ್ಕದಲ್ಲಿ ಕುರಿ ತರುಬಿ, ಬೇಲಿಯ ಹಟ್ಟಿ ಹಾಕಿ ಕೂತೆ.

ಯಾಕೆ ಹೋಗಲಿಲ್ಲ ಎಂದು ಅಯ್ಯ ಕೇಳಿದ.

"ನನ್ನ ಮೈಯ ಕಾವಲು ಕಳ್ಳನ್ನ ವರ್ಷಗಟ್ಟಲೆ ಸಾಕ್ಯದ. ಅದನ್ನ ನಂಬಿ ಸೂಜಿ ಚುಚ್ಚಿಸ್ಕೊಳ್ಳೇನು?"



ಆ ವಾರ ಹಟ್ಟಿಯಿಂದ ಎರಡು ಮರಿ ಕಳವಾದವು. ನನ್ನ ನಾಯಿ ಬೊಗಳಿರಲಿಲ್ಲ. ಅದನ್ನು ಜಾಲಿಮರಕ್ಕೆ ಕಟ್ಟಿ ರೊಟ್ಟಿ ನಿಲ್ಲಿಸಿದೆ. ದಂಡಕ್ಕೆ ತಿನ್ನತದ ಅಂತ ಬೈದೆ. ಹಂಗಾದರ ನಿನ್ನೂ ಕಟ್ಟಬೇಕಲ್ಲೋ ಅಂತ ಅಯ್ಯ ನಕ್ಕ.

ದಾರಿಯಲ್ಲಿ ಹೊರಟಿದ್ದ ಆಡಿನ ವ್ಯಾಪಾರಿಯ ಹತ್ತಿರ ಅಯ್ಯ ಒಂದು ನಾರುವ ಕಂಬಳಿ ಕೇಳಿ ತಂದ. ತನ್ನ ವಾಸನೆ ನಾಯಿಗೆ ಸಿಗದಂತೆ ಅಡಿಯಿಂದ ಮುಡಿವರೆಗೆ ಹೊದ್ದ. ನಾಯಿ ಬಿಡು ಅಂದ. ಬೇಲಿ ದಾಟಿದ.

ನಾಯಿ ಹಾರಿತು. ಕಂಬಳಿಯೊಳಗಿಂದ ನಾಲಿಗೆ ಲೊಚಗುಟ್ಟಿತು, ಎರಡು ಸಲ. ನಾಯಿ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿತು. ಅಯ್ಯ ಒಂದು ಮರಿ ಎತ್ತಿಕೊಂಡು ಹೊರಗೆ ಬಂದ.

ಅದು ನಮ್ಮದೇ ಸದ್ದು, ಸುಮ್ಮನಿರು ಅಂತ. ನಾಯಿಗೆ ಕುನ್ನಿಯಿದ್ದಾಗಲೇ ಕಲಿಸುತ್ತೇವೆ. ಇಲ್ಲದಿದ್ದರೆ ಅದು ನಮ್ಮ ಮರಿಗಳನ್ನೇ ಕಚ್ಚುತ್ತದೆ. ನಮ್ಮ ಪಕ್ಕ ಹಿಂಡು ತರುಬಿದವರೆಲ್ಲ ಅದನ್ನು ಕೇಳಿದ್ದಾರೆ; ಕಳ್ಳನೂ ಕೇಳಿರಬೇಕು.

ಅಯ್ಯ ಒಂದು ಚಿಟಿಕೆ ಉಣ್ಣೆ ಹಿರಿದು ನಾಯಿಯ ಎರಡೂ ಕಿವಿಗೆ ತುರುಕಿದ. ಮತ್ತೆ ಬೇಲಿ ದಾಟಿದ. ಲೊಚಗುಟ್ಟಿದ. ಮತ್ತೆ ಲೊಚಗುಟ್ಟಿದ.

ನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತು.

ಬಿಡಿಸಿದೆ. ಗಾಯ ತೊಳೆದು ಕಟ್ಟಿದೆ. ಅಯ್ಯ ಡಾಕ್ಟರಮ್ಮನ ಕಾಗದ ಕೇಳಿದ. ಕಾವಲು ಕಣದ ಮೈಮೇಲೆ ಒಂದು ಸಣ್ಣ ಗುಬುಟು ಇತ್ತು. ಪಿಡಿ-ಒನ್ ಅಂತ ಬರೆದಿತ್ತು. ಅದರ ಮೇಲೆ ಬೆರಳಿಟ್ಟು ಇದೇನು ಅಂದ.

"ಅದೊಂದು ಪ್ರೋಟೀನಂತ. ಅದನ್ನ ಮುಟ್ಟಿದ್ರ ಕಾವಲು ಸುಮ್ಮನಾಗತದಂತ. ಗಡ್ಡಿಗೆ ಅದು ಗೊತ್ತಂತ. ಔಷಧಿ ಅದನ್ನ ಮುಚ್ಚತದ..."

ನಾಯಿಯ ಕಿವಿಯಲ್ಲಿದ್ದ ಉಣ್ಣೆಯ ಕಡೆ ನೋಡಿದೆ.

"ಕಾವಲು ಮಲಗಿರಲಿಲ್ಲ ಮಾಳ್ಯಾ" ಅಂದ ಅಯ್ಯ. "ಹೇಳಿದ ಮಾತು ಕೇಳಿತ್ತು."

ನಾನು ಕೇಳಿದೆ. ಕಿವಿ ಮುಚ್ಚಿದರೆ ನಮ್ಮವರನ್ನೂ ಕಚ್ಚುತ್ತದಲ್ಲ? ಕೆಲವರಿಗೆ ಕರುಳು, ಚರ್ಮ ಉರಿ ಏಳುತ್ತದೆ ಅಂತ ಡಾಕ್ಟರಮ್ಮನೂ ಹೇಳಿದ್ದಳು.

ಅಯ್ಯ ಕಾಲು ತೋರಿಸಿದ. ಅದಕ್ಕೇ ನೋಡಿಕೊಳ್ಳುವವರು ಹತ್ತಿರ ಇರಬೇಕು ಅಂದ.

"ಎಲ್ಲರಿಗೂ ಗುಣ ಆಗೂದಿಲ್ಲಂತ, ಅಯ್ಯ."

"ಇರಬಹುದು. ಕಟ್ಟಿ ಹಾಕಿದ ನಾಯಿ ಗೆದ್ದದ್ದು ಮಾತ್ರ ನಾ ನೋಡಿಲ್ಲ."

ಮರುದಿನ ಬೆಳಿಗ್ಗೆ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಮೊದಲ ಬಸ್ಸು ಹತ್ತಿದೆ. ಅಯ್ಯನೂ ಕುಂಟುತ್ತಾ ಬಂದ. ನಾಯಿ ಕಚ್ಚಿದ್ದಕ್ಕೆ ಅವನಿಗೂ ಸೂಜಿ ಬೇಕಿತ್ತು.

ಆಸ್ಪತ್ರೆಯಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತೆವು. ನಾನು ಅಂಗಿಯ ತೋಳು ಮಡಚಿದೆ. ಯಾರಿಗೆ ಮೊದಲು ಅಂತ ನರ್ಸಮ್ಮ ಕೇಳಿದಳು.

"ಅವಗ ಮೊದಲು ಚುಚ್ಚವ್ವ" ಅಂದ ಅಯ್ಯ. "ನನಗ ಸೂಜಿ ಅಂದ್ರ ಹೆದರಿಕಿ."