ಅಂಗಳಕ್ಕೆ ಬಂದ ಬಲೆ

"ಗುರುಗಳೇ, ಸಿಟ್ಟು ಬಿಟ್ಟವನಿಗೆ ಮಾತ್ರ ಶಾಂತಿ ಎನ್ನುತ್ತೀರಿ. ಹಾಗಾದರೆ ಸಿಟ್ಟಾದವರೆಲ್ಲ ಕೆಟ್ಟವರೇ?" ಎಂದು ಶಿಷ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಕಡಲ ದಂಡೆಯ ಊರಿನಲ್ಲಿ ಅಕ್ಕು ಎಂಬ ಮೀನುಗಾರ್ತಿ ಇದ್ದಳು. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವುದು ಅವಳ ಕಸುಬು. ಒಂದು ದಿನ ಬಾಣಂತಿಯ ಮನೆಯ ಜಗಲಿಯಲ್ಲಿ ಕೂತು ಬಂಗುಡೆ ಕೊಯ್ದಳು. ಹೊಟ್ಟೆಯೊಳಗೆ ಹಸಿರು ನೂಲಿನ ಚೂರುಗಳಿದ್ದವು. ಇನ್ನೊಂದನ್ನು ಕೊಯ್ದಳು. ಅದರಲ್ಲೂ ಇದ್ದವು. ಆ ಹಸಿರು ಅವಳಿಗೆ ಗೊತ್ತಿತ್ತು. ಊರಿನ ದೊಡ್ಡ ದೋಣಿಯ ಯಜಮಾನ, ಹರಿದ ನೈಲಾನ್ ಬಲೆಗಳನ್ನು ದಡಕ್ಕೆ ತರುವುದು ದಂಡವೆಂದು ನಡುನೀರಿನಲ್ಲೇ ಬಿಸಾಡಿಸುತ್ತಿದ್ದ. ಹತ್ತಿನೂಲಿನ ಬಲೆಯಾದರೆ ಕೊಳೆಯುತ್ತದೆ. ನೈಲಾನ್ ಕೊಳೆಯುವುದಿಲ್ಲ, ಪುಡಿಯಾಗುತ್ತದೆ. ಆ ಪುಡಿಯನ್ನು ಮೀನು ತನ್ನ ಆಹಾರವೆಂದು ನುಂಗುತ್ತದೆ.

ಅಕ್ಕು ಆ ಮನೆಗೆ ಮೀನು ಕೊಡಲಿಲ್ಲ. ನೇರ ದಡಕ್ಕೆ ಹೋಗಿ, ಬಲೆಯನ್ನು ನೀರಿಗೇಕೆ ಬಿಸಾಡಿಸುತ್ತೀರಿ ಎಂದು ಯಜಮಾನನನ್ನು ಕೇಳಿದಳು. ಅವನು ನಕ್ಕ.

"ಇಷ್ಟು ಹೊಳೆಗಳ ಕೊಳೆ ನುಂಗಿದ ಕಡಲಿಗೆ ನನ್ನದೊಂದು ಬಲೆ ಹೆಚ್ಚಾಯಿತೇ? ಹೊಟ್ಟೆ ತೆಗೆದು, ತೊಳೆದು ಮಾರು."

"ಮರುವಾಯಿಯಂಥ ಚಿಪ್ಪುಮೀನನ್ನು ಬಿಡಿಸಿ ಇಡಿಯಾಗಿ ತಿನ್ನುತ್ತೇವಲ್ಲ ಧಣಿ, ಅದರ ಹೊಟ್ಟೆಯನ್ನು ಎಲ್ಲಿಂದ ತೆಗೆಯಲಿ?" ಎಂದಳು ಅಕ್ಕು.

ಊರ ಹಿರಿಯರು ಅವಳನ್ನು ಪಕ್ಕಕ್ಕೆ ಕರೆದು, ಇದೇ ದಡದಲ್ಲಿ ಹೊಟ್ಟೆ ಹೊರೆಯುವವಳು ಸೈರಣೆ ಕಲಿಯಬೇಕು ಎಂದರು. ಅಕ್ಕು ಹಲ್ಲು ಕಚ್ಚಿ ಮನೆಗೆ ಹೋದಳು.

ಚಳಿ ಬೀಳುವ ಹೊತ್ತಿಗೆ ಅಲೆಯ ಜೊತೆ ಅದೇ ಹಸಿರಿನ ಒಂದು ಬಲೆ ದಡಕ್ಕೆ ಬಂತು. ಹಾಕುವವರಿಲ್ಲ, ಎಳೆಯುವವರಿಲ್ಲ, ಆದರೂ ಅದು ಅಷ್ಟು ದಿನ ನೀರಿನಲ್ಲಿ ಮೀನು ಹಿಡಿಯುತ್ತಲೇ ಇತ್ತು. ಒಳಗೆ ಕೊಳೆತ ಮೀನು, ಏಡಿ, ಕುತ್ತಿಗೆಗೆ ಹುರಿ ಬಿಗಿದು ಸತ್ತ ಒಂದು ಕಡಲಾಮೆ. ಮೊಟ್ಟೆಯಿಡಲು ದಡಕ್ಕೆ ಹೊರಟಿದ್ದ ಆಮೆ ಅದು. ಅಕ್ಕುವಿಗೆ ಅಳು ಬರಲಿಲ್ಲ. ಮೈ ಉರಿಯಿತು. ಬಲೆಯನ್ನು ಮರಳಿನ ಮೇಲೆ ಒಬ್ಬಳೇ ಎಳೆದಳು. ದಾರಿಯಲ್ಲಿ ಯಾರೂ ಕೈಜೋಡಿಸಲಿಲ್ಲ. ಯಜಮಾನನ ಅಂಗಳದಲ್ಲಿ ಅದನ್ನು ಹಾಕಿ, ನಿಮ್ಮ ಸೊತ್ತು ನೀವೇ ಇಟ್ಟುಕೊಳ್ಳಿ ಎಂದಳು.

ನಾತ ಕೇರಿಗೆಲ್ಲ ಹಬ್ಬಿತು. ಜನ ಸೇರಿದರು. ಬಲೆ ಯಾರದೆಂದು ಒಬ್ಬರೂ ಕೇಳಲಿಲ್ಲ. ಹೆಂಗಸಿಗೆ ಇಷ್ಟು ಸಿಟ್ಟು ಸಲ್ಲದೆಂದು ಅಕ್ಕುವಿಗೇ ಬುದ್ಧಿ ಹೇಳಿದರು. ಆಮೇಲೆ ಎಲ್ಲರೂ ಸೇರಿ ಬಲೆಯನ್ನು ಎತ್ತಿ, ದೋಣಿಗೆ ಹೇರಿ, ದೂರ ಹೋಗಿ ಮತ್ತೆ ಕಡಲಿಗೇ ಹಾಕಿ ಬಂದರು. ಅಂಗಳ ಗುಡಿಸಿ ನೀರು ಹಾಕಿದರು. ಮರುದಿನದಿಂದ ಯಜಮಾನನ ದೋಣಿಯ ಮೀನು ಅಕ್ಕುವಿನ ಬುಟ್ಟಿಗೆ ಬೀಳಲಿಲ್ಲ.

ಗುರುಗಳು ಕತೆ ಮುಗಿಸಿದರು. ಅವಳ ಸಿಟ್ಟು ಆಮೇಲಾದರೂ ಇಳಿಯಿತೇ ಎಂದು ಶಿಷ್ಯ ಕೇಳಿದ.

"ಅವಳೊಬ್ಬಳನ್ನು ಬಿಟ್ಟು ಊರೆಲ್ಲ ಶಾಂತವಾಗಿತ್ತು, ಆ ಬಲೆ ಈಗಲೂ ಕೊಲ್ಲುತ್ತಿದೆ," ಎಂದರು ಗುರುಗಳು.